ಶಿವಲಿಂಗಮ್ಮನಿಗೆ ಒಂದು ನಿಮಿಷ

ಅತ್ತೆ ಮೂರನೆಯ ಸಲ ತೋಳು ಚಿವುಟಿದಾಗ ಪ್ರತಿಮಾ ಕೈ ಕೊಡವಿಕೊಂಡಳು.

“ಒಸಿ ಬಾಯಿ ಬುಟ್ಟು ಅಳೇ. ನೋಡ್ದೋರು ಏನಂದ್ಕೊಂಡಾರು?”

ನೋಡಿದವರು ಆಗಲೇ ಅಂದುಕೊಂಡಾಗಿತ್ತು. ದೊಡ್ಡಮಳೂರಿನ ಆ ಓಣಿಯಲ್ಲಿ ಬೆಳಗ್ಗೆ ಆರರಿಂದ ತಮಟೆ ಬಡಿಯುತ್ತಿತ್ತು. ಶಿವಲಿಂಗಮ್ಮನನ್ನು ಜಗಲಿಯ ಮೇಲೆ ಮಲಗಿಸಿ ತಲೆದೆಸೆಯಲ್ಲಿ ದೀಪ ಹಚ್ಚಿದ್ದರು. ಬಂದ ಹೆಂಗಸರೆಲ್ಲ ಎದೆ ಬಡಿದುಕೊಂಡು, ಸತ್ತವಳ ಗುಣ ಹೇಳಿ ಹೇಳಿ ಅತ್ತು, ಮೂಗೊರೆಸಿಕೊಂಡು ಕಾಫಿಗೆ ಎದ್ದು ಹೋಗಿದ್ದರು. ಇದ್ದೊಬ್ಬ ಮಗಳು ಮಾತ್ರ ಕಂಬಕ್ಕೆ ಒರಗಿ ಹಲ್ಲು ಕಚ್ಚಿ ಕೂತಿದ್ದಳು. ಅವಳಿಗೆ ಬರುತ್ತಿದ್ದದ್ದು ಅಳುವಲ್ಲ, ಸಿಟ್ಟು. ಅವ್ವ ನಾಲ್ಕು ದಿನದಿಂದ ಎದೆನೋವು ಇಟ್ಟುಕೊಂಡು ಯಾರಿಗೂ ಉಸಿರು ಬಿಟ್ಟಿರಲಿಲ್ಲ. ಹೇಳಿದರೆ ಟೂರಿಗೆ ಬಿಡುವುದಿಲ್ಲ ಅಂತ.

ಶಿವಲಿಂಗಮ್ಮ ಚನ್ನಪಟ್ಟಣದ ಒಂದು ಕಾನ್ವೆಂಟಿನಲ್ಲಿ ಇಪ್ಪತ್ತಾರು ವರ್ಷ ಆಯಾ ಆಗಿದ್ದವಳು. ವರ್ಷಕ್ಕೊಮ್ಮೆ ಅಲ್ಲಿನ ಸಿಸ್ಟರುಗಳು ಏಳನೇ ಕ್ಲಾಸಿನವರನ್ನು ದಿಲ್ಲಿಗೆ ಕರೆದೊಯ್ಯುತ್ತಿದ್ದರು. ಕೆಂಪುಕೋಟೆ, ಇಂಡಿಯಾ ಗೇಟು, ಗಾಂಧಿ ಸಮಾಧಿ, ಯುದ್ಧದಲ್ಲಿ ಮಡಿದವರ ಸ್ಮಾರಕ, ಕೊನೆಯ ದಿನ ಒಂದು ದೊಡ್ಡ ಚರ್ಚು. ಹೆಣ್ಣುಮಕ್ಕಳನ್ನು ಅಷ್ಟು ದೂರ ಕಳಿಸಲು ಮನೆಯವರು ಒಪ್ಪುತ್ತಿದ್ದದ್ದೇ ಶಿವಲಿಂಗಮ್ಮ ಜೊತೆಗಿರುತ್ತಾಳೆ ಅನ್ನುವ ಧೈರ್ಯದ ಮೇಲೆ. ಹೀಗೆ ಹೆಬ್ಬೆಟ್ಟೊತ್ತುವ ಹೆಂಗಸು ಹತ್ತೊಂಬತ್ತು ಸಲ ದಿಲ್ಲಿ ಕಂಡಿದ್ದಳು. ಮಗಳಿಗೆ ಮೈಸೂರಿನ ಅರಮನೆ ತೋರಿಸಲು ಅವಳಿಗೆ ಒಂದು ಭಾನುವಾರ ಸಿಕ್ಕಿರಲಿಲ್ಲ. ಬಸ್ಸು ಹತ್ತಿದರೆ ಒಂದೂವರೆ ಗಂಟೆಯ ದಾರಿ ಅದು.

ಇಪ್ಪತ್ತನೆಯ ಟೂರು ಹೊರಡಬೇಕಾದದ್ದು ಇವತ್ತೇ.

ಸೋದರಮಾವ ಕೆಂಪರಾಜು ಫೋನು ಹಿಡಿದುಕೊಂಡೇ ಬಂದ. ಹೆಡ್ ಸಿಸ್ಟರು ಮಾತಾಡಿದರಂತೆ. ಮಕ್ಕಳು ಆಯಾಳ ಮುಖ ನೋಡದೆ ರೈಲು ಹತ್ತುವುದಿಲ್ಲ ಅಂತ ಹಟ ಹಿಡಿದಿವೆಯಂತೆ. ಬೆಂಗಳೂರಿಗೆ ಹೋಗಬೇಕಾದ ಬಸ್ಸನ್ನು ಇತ್ತ ತಿರುಗಿಸಿದ್ದಾರಂತೆ. ಒಂದೂವರೆಗೆ ರಾಹುಕಾಲ, ತೋಟದಲ್ಲಿ ಗುಂಡಿ ತೋಡಿಯಾಗಿದೆ, ಇವರು ಯಾವಾಗ ಬಂದು ಯಾವಾಗ ಹೋಗುವುದು ಎಂದು ಅವನು ಎಲ್ಲರ ಮೇಲೂ ರೇಗಿದ.

“ಕಾಯ್ಬ್ಯಾಡಿ ಮಾವ, ಎತ್ತಿ,” ಅಂದಳು ಪ್ರತಿಮಾ. “ಇದ್ದಷ್ಟು ದಿನ ಅವರ ಪಾಲಾಗಿದ್ಲು. ಇದೊಂದ್ ದಿನ ನನ್ನ ಪಾಲ್ಗಿರ್ಲಿ.”

ಕೆಂಪರಾಜು ಚಟ್ಟ ಕಟ್ಟುತ್ತಿದ್ದವರ ಕಡೆ ಹೋದ.

*

ಹನ್ನೊಂದು ವರ್ಷದ ಹಿಂದೆ ಪ್ರತಿಮಾ ಚನ್ನಪಟ್ಟಣದ ಆಸ್ಪತ್ರೆಯೊಂದರಲ್ಲಿ ಹೆರಿಗೆ ನೋವು ತಿನ್ನುತ್ತಿದ್ದಳು. ದಿನ ತುಂಬಲು ಇನ್ನೂ ಎರಡು ವಾರ ಇದೆ ಎಂದು ನಂಬಿ ಅವ್ವ ದಿಲ್ಲಿಗೆ ಹೋಗಿದ್ದಳು. ರಾತ್ರಿಯಿಡೀ ನೋವು ತಿಂದ ಮೇಲೆ, ಮಗು ಅಡ್ಡ ತಿರುಗಿದೆ, ಕುಯ್ಯಬೇಕು ಅಂದರು ಡಾಕ್ಟರು. ಪ್ರತಿಮಾ ಹೆದರಿದಳು. ಅವ್ವನ ದನಿ ಕೇಳಿದರೆ ಸಾಕಿತ್ತು. ಫೋನು ಹಚ್ಚಿದಳು.

ಅವ್ವ ಎತ್ತಿದಳು. ಪಿಸುಗುಟ್ಟಿದಳು. “ಗಾಂಧಿ ಸಮಾಧಿ ತಾವ ಇವ್ನಿ ಕಣವ್ವ. ಇಲ್ಲಿ ಮಾತಾಡಂಗಿಲ್ಲ, ಮಕ್ಕಳು ಸುಮ್ಕೆ ನಿಂತವೆ. ಆಮ್ಯಾಕೆ ಮಾಡ್ತೀನಿ.”

ಆಮ್ಯಾಕೆ ಅನ್ನುವುದು ಬಂದದ್ದು ಸಂಜೆಗೆ. ಅಷ್ಟರಲ್ಲಿ ಹೊಲಿಗೆ ಬಿದ್ದು, ಹೆಣ್ಣುಮಗು ತೊಟ್ಟಿಲು ಸೇರಿತ್ತು. ಅವ್ವ ಅತ್ತಳು, ನಕ್ಕಳು, ಮಗುವಿನ ಬಣ್ಣ ಕೇಳಿದಳು. ಅದೇ ಉಸಿರಿನಲ್ಲಿ, ನಲವತ್ತು ಮಕ್ಕಳು ಒಂದು ಕೆಮ್ಮೂ ಇಲ್ಲದೆ ನಿಂತದ್ದನ್ನು ಕಂಡು ಅಲ್ಲಿನ ಕಾವಲಿನವನೇ ಕೈ ಮುಗಿದ ಅಂತಲೂ ಹೇಳಿದಳು. ಪ್ರತಿಮಾ ಫೋನನ್ನು ಬೋರಲು ಹಾಕಿ ಗೋಡೆ ಕಡೆ ತಿರುಗಿದಳು. ಸತ್ತು ಅರವತ್ತು ವರ್ಷ ದಾಟಿದವರಿಗೆ ಅಷ್ಟು ಮರ್ಯಾದೆ, ಸಾಯುತ್ತೀನೇನೋ ಅಂತ ಹೆದರಿದ ಮಗಳಿಗೆ ಆಮ್ಯಾಕೆ. ಆ ಮಾತನ್ನು ಅವಳು ಅವ್ವನ ಎದುರಿಗೆ ಒಂದು ದಿನವೂ ಆಡಲಿಲ್ಲ, ಮರೆಯಲೂ ಇಲ್ಲ.

*

ಬಸ್ಸು ಬಂದಾಗ ಹೆಣವನ್ನಿನ್ನೂ ಎತ್ತಿರಲಿಲ್ಲ. ಅದು ಓಣಿಗೆ ನುಗ್ಗಿ ಶಾಮಿಯಾನದ ಹಗ್ಗಕ್ಕೆ ಸಿಕ್ಕಿಕೊಂಡಿತು. ಕೆಂಪರಾಜು ಡ್ರೈವರನ ವಂಶವನ್ನೆಲ್ಲ ಜಾಲಾಡಿದ. ಆ ಗಲಾಟೆಯ ನಡುವೆಯೇ ಮಕ್ಕಳು ಇಬ್ಬಿಬ್ಬರಾಗಿ ಕೈ ಹಿಡಿದುಕೊಂಡು ಇಳಿದರು. ಯಾರೂ ಹೇಳದೆ ಬೂಟು ಬಿಚ್ಚಿ ಗೋಡೆಯ ಬದಿಗೆ ಜೋಡಿಸಿದರು. ಜಗಲಿಯ ಮುಂದೆ ಸಾಲು ಕಟ್ಟಿ, ಕೈಗಳನ್ನು ಪಕ್ಕಕ್ಕೆ ಬಿಟ್ಟು ನಿಂತರು.

“ಇದೇನು ಸಾವಿನ ಮನೆನೋ ಡ್ರಿಲ್ಲೋ,” ಅಂದಳು ಅತ್ತೆ.

ಹೆಡ್ ಸಿಸ್ಟರು ಪ್ರತಿಮಾಳ ಹತ್ತಿರ ಬಂದು, ಒಂದು ತಿಂಗಳಿಂದ ಆಯಾ ದಿನಾ ಸಂಜೆ ಶಾಲೆಯ ಬಾವುಟದ ಕಂಬದ ಮುಂದೆ ಇವರಿಗೆ ಸದ್ದಿಲ್ಲದೆ ನಿಲ್ಲುವುದನ್ನು ಕಲಿಸಿದ್ದಳು, ಒಂದೇ ನಿಮಿಷ ಸಾಕು ಎಂದು ಕೇಳಿಕೊಂಡರು. ಪ್ರತಿಮಾ ಕಂಬದ ಕಡೆ ಮುಖ ತಿರುಗಿಸಿದಳು. ತಲೆಗೆ ಸ್ಕಾರ್ಫು ಕಟ್ಟಿದ್ದ ಜಾರಾ ಎಂಬ ಹುಡುಗಿ, ಕ್ಲಾಸಿನ ಲೀಡರು, ನೇರ ತಮಟೆಯವರ ಬಳಿ ಹೋಗಿ ನಿಲ್ಲಿಸಲು ಹೇಳಿದಳು. ಸಾವಿನ ಮನೆಯಲ್ಲಿ ತಮಟೆ ನಿಲ್ಲಿಸು ಎಂದವರನ್ನು ಅವರು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಗಾಬರಿಗೆ ನಿಲ್ಲಿಸಿಬಿಟ್ಟರು. ಕಾಫಿ ಲೋಟ ಹಿಡಿದ ಹೆಂಗಸರೂ ಬಾಯಿ ಮುಚ್ಚಿದರು.

ಬೆಳಗಿನಿಂದ ಮೊದಲ ಸಲ ಓಣಿಯಲ್ಲಿ ಸದ್ದಿರಲಿಲ್ಲ. ಅಂದು ಫೋನಿನ ಆ ಕಡೆ ಅವ್ವ ಮುರಿಯದಂತೆ ಕಾಯುತ್ತಿದ್ದದ್ದು ಈ ಮೌನವನ್ನೇ ಎಂದು ಪ್ರತಿಮಾಳಿಗೆ ಹೊಳೆಯಿತು. ಹೊಳೆದದ್ದರಿಂದ ಸಿಟ್ಟೇನೂ ಇಳಿಯಲಿಲ್ಲ. ಆದರೆ ಹಲ್ಲು ಕಚ್ಚಿ ಹಿಡಿದದ್ದು ಕೈ ಮೀರಿತು.

“ಆಮ್ಯಾಕೆ ಅಂದ್ಯಲ್ಲವ್ವ. ಆಮ್ಯಾಕೆ ಮಾಡ್ತೀನಿ ಅಂದ್ಯಲ್ಲ.”

ಅಷ್ಟು ಜನರ ನಡುವೆ ಅವಳೊಬ್ಬಳ ದನಿಯೇ ಕೇಳಿಸುತ್ತಿತ್ತು. ಗುಣಗಾನವಲ್ಲ ಅದು, ಬರೀ ಜಗಳ. ದಿಲ್ಲಿಗೂ ಬೈದಳು, ಸಿಸ್ಟರಿಗೂ ಬೈದಳು, ನೋವು ಮುಚ್ಚಿಟ್ಟದ್ದಕ್ಕೂ ಬೈದಳು. ಜಗಲಿಯ ಅಂಚು ಹಿಡಿದು, ಅವ್ವನ ತಣ್ಣನೆಯ ಪಾದಕ್ಕೆ ಹಣೆ ಹಚ್ಚಿ ಬಿಕ್ಕಿದಳು. ಅತ್ತೆ ತೋಳು ಹಿಡಿಯಲು ಬಂದವಳು ಹಿಂದೆ ಸರಿದಳು.

ಒಂದು ನಿಮಿಷ ಆಯಿತು, ನಾಲ್ಕಾಯಿತು. ಕೆಂಪರಾಜು ಗಡಿಯಾರ ನೋಡಿದ. ಹೆಡ್ ಸಿಸ್ಟರು ತಲೆ ತಗ್ಗಿಸಿಯೇ ನಿಂತಿದ್ದರು. ಮಕ್ಕಳು ಅಲುಗಲಿಲ್ಲ. ಮುಂದಿನ ಸಾಲಿನವಳೊಬ್ಬಳ ಮೂಗು ಸುರಿಯುತ್ತಿತ್ತು, ಒರೆಸಿಕೊಳ್ಳಲೂ ಅವಳು ಕೈ ಎತ್ತಲಿಲ್ಲ. ಕೊನೆಗೆ ಜಾರಾ ಒಂದು ಹೆಜ್ಜೆ ಮುಂದೆ ಬಂದು ಪ್ರತಿಮಾಳ ಕಿವಿಯ ಹತ್ತಿರ ಬಗ್ಗಿದಳು.

“ಅಕ್ಕ, ಸಾಕು ನಡೀರಿ ಅಂತ ಆಯಾನೇ ಹೇಳೋದು. ಅಲ್ಲೀಗಂಟ ನಾವು ಕದಲಂಗಿಲ್ಲ.”

ಪ್ರತಿಮಾ ತಲೆ ಎತ್ತಿದಳು. “ಸತ್ತ ಮ್ಯಾಲೂ ನನ್ಗೇ ಕೆಲ್ಸ ಹಚ್ಚೋಗವ್ಳೆ,” ಎಂದು ಗೊಣಗುತ್ತ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದು ನಿಂತಳು. ಎರಡನೆಯ ಸಲಕ್ಕೆ ದನಿ ಬಂತು.

“ಸಾಕು, ನಡೀರಿ.”

ಸಾಲು ತಿರುಗಿತು. ಮಕ್ಕಳು ಬೂಟು ಎತ್ತಿಕೊಂಡು, ಕೈ ಕೈ ಹಿಡಿದು, ಸದ್ದಿಲ್ಲದೆ ಬಸ್ಸು ಹತ್ತಿದರು. ತಮಟೆಯವರು ಕಡ್ಡಿ ಎತ್ತಿ ಹಿಡಿದು, ಇನ್ನು ಬಡಿಯಬಹುದೇ ಎಂದು ಅವಳ ಮುಖವನ್ನೇ ನೋಡುತ್ತ ನಿಂತಿದ್ದರು.