ತೂತಿಲ್ಲದ ತೊಗರಿಕಾಯಿ

ನಮ್ಮ ತೊಗರಿ ಹೊಲದಲ್ಲಿ ಕಾಯಿಗೆ ತೂತು ಕೊರೆದು ಕಾಳು ತಿನ್ನುವ ಕೀಡಿಯನ್ನು ಈ ವರ್ಷ ಕೀಡಿಯಿಂದಲೇ ಕೊಂದವಳು ನನ್ನ ಸೊಸೆ ಆಮ್ರಪಾಲಿ. ರೋಗ ಬಂದು ಟೊಂಗೆಗೆ ತಲೆಕೆಳಗಾಗಿ ಜೋತುಬಿದ್ದ ಕೀಡಿಗಳನ್ನು ಆರಿಸಿ ತಂದು, ಅರೆದು, ಸೋಸಿ, ಬೆಲ್ಲದ ನೀರು ಬೆರೆಸಿ ಸಂಜೆ ಹೊತ್ತು ಗಿಡಕ್ಕೆ ಹೊಡೆದಳು. ಅದನ್ನು ತಿಂದ ಕೀಡಿಗೂ ಅದೇ ರೋಗ. ಹತ್ತು ದಿನದಲ್ಲಿ ಹೊಲ ಸ್ವಚ್ಛ. ಮೂವತ್ತು ವರ್ಷ ಗಿಡದ ಬುಡಕ್ಕೆ ಹಳೆ ಸೀರೆ ಹಾಸಿ, ಗಿಡ ಅಲುಗಿಸಿ ಕೀಡಿ ಉದುರಿಸಿದ ನನ್ನ ಸೊಂಟಕ್ಕೆ ಬಿಡುವು ಸಿಕ್ಕಿತು.

ಸುದ್ದಿ ನಮ್ಮೂರು ಮಮದಾಪುರ ದಾಟಿ ಬಬಲೇಶ್ವರಕ್ಕೆ ಹೋಯಿತು. ಅಲ್ಲಿಯ ಮಹಿಳಾ ಸಂಘದ ಹಾಜಿರಾಬಿ, ಹತ್ತು ಹೆಣ್ಣುಮಕ್ಕಳನ್ನು ಕರೆದುಕೊಂಡು ಹೊಲ ನೋಡಲು ಬರುತ್ತೇನೆಂದು ಫೋನ್ ಮಾಡಿದಳು. ನನ್ನ ಸೊಸೆಯ ಮಾತು ಕೇಳಲು ಪರ ಊರಿನಿಂದ ಜನ ಬರುತ್ತಿದ್ದುದು ಅದೇ ಮೊದಲು. ಎರಡು ದಿನ ಅವಳ ಕಾಲು ನೆಲದ ಮೇಲಿರಲಿಲ್ಲ.

ಆ ದಿನ ಬೆಳಿಗ್ಗೆ, ಬಂದವರಿಗೆ ಉಪ್ಪು ಹಾಕಿ ಕುದಿಸಿಕೊಡೋಣವೆಂದು ಹಸಿಕಾಯಿ ಹರಿದೆ. ಒಂದನ್ನು ಬಿಡಿಸಿದೆ. ಹೊರಗೆ ತೂತಿಲ್ಲ, ಒಳಗೆ ಕಾಳು ಕೊರೆಯುತ್ತಿದ್ದ ಬಿಳಿ ಹುಳ. ಕಾಯಿಯೊಳಗೇ ಮೊಟ್ಟೆ ಇಡುವ ಕಾಯಿನೊಣದ ಮರಿ. ಮೊದಲೂ ಎಲ್ಲೋ ಒಂದೊಂದು ಇರುತ್ತಿತ್ತು. ಈಗ ಹತ್ತು ಬಿಡಿಸಿದರೆ ಮೂರರಲ್ಲಿ ಅದೇ.

ಸೊಸೆಯ ಮುಖ ಸಪ್ಪಗಾಗುವುದನ್ನು ನೋಡುವ ಮನಸ್ಸಿಲ್ಲದೆ ಸೆರಗಿನಲ್ಲಿ ಮುಚ್ಚಿದೆ. ಅವಳು ನೋಡಿಬಿಟ್ಟಳು.

"ಏನ್ರಿ ಅತ್ತಿ ಅದು?"

"ಏನಿಲ್ಲವ್ವ, ಕಾಯಿ ಇನ್ನಾ ಎಳೇವು ಅದಾವ."

ಅವಳು ಕಸಿದುಕೊಂಡು ಬಿಡಿಸಿ ನೋಡಿ ಬದುವಿನ ಮೇಲೆ ಕುಸಿದಳು. "ಒಂದ್ ಹುಳಾ ಕೊಂದು ಇನ್ನೊಂದನ್ನ ಸಾಕಿದ್ನೇನ್ರಿ ನಾ?"

"ಒಂದ ತಾಟಿನ್ಯಾಗ ಇಬ್ಬರು ಉಣ್ಣಾಕತ್ತಿದ್ರು. ದೊಡ್ಡವನ್ನ ಎಬ್ಬಿಸಿ ಕಳಿಸಿದಿ, ಸಣ್ಣವ ಕಾಲ್ ಚಾಚಿ ಕುಂತ. ಅಷ್ಟ."

"ಹಾಜಿರಾಬಿಗೆ ಬರಬ್ಯಾಡ ಅನ್ಲೇನ್ರಿ?"

"ನಿನ್ನ ಹೊಲ, ನಿನ್ನ ಮಾತು. ನೀನ ನೋಡವ್ವ."

ಅವಳು ಫೋನ್ ಮಾಡಲಿಲ್ಲ. ಹೆಂಗಸರು ಟಂಟಂ ಆಟೋದಿಂದ ಇಳಿದ ಕೂಡಲೇ ಒಬ್ಬೊಬ್ಬರ ಕೈಗೂ ನಾಕಾರು ಕಾಯಿ ಕೊಟ್ಟು, "ಬಿಡಿಸ್ರಿ" ಎಂದಳು.

"ಯವ್ವಾ, ಹುಳಾ!" ಒಬ್ಬಳು ಕಾಯಿ ಒಗೆದಳು.

ಹಾಜಿರಾಬಿ ನಕ್ಕಳು. "ಹುಳಾ ಇಲ್ಲದ ಹೊಲಾ ತೋರಸ್ತೀನಂದು ಹುಳಾನ ಕೈಯಾಗ ಕೊಟ್ಟೆಲ್ಲ ಬೇ!"

"ಹೋದ ವರ್ಷ ಕೀಡಿ ಹತ್ತಕ್ಕ ಆರು ಕಾಯಿ ತಿಂದಿತ್ರಿ. ಈಗ ನೊಣ ಮೂರು ತಿಂದೈತಿ. ಕೀಡಿ ಹೋತಂತ ನಾ ಕಾಯಿ ಬಿಡಿಸಿ ನೋಡಲೇ ಇಲ್ಲ, ಅದು ನನ್ನ ತಪ್ಪು. ನೀವು ಎಂಟ್ ದಿನಕ್ಕೊಮ್ಮೆ ಬಿಡಿಸಿ ನೋಡ್ರಿ," ಎಂದಳು ಆಮ್ರಪಾಲಿ.

ಹಾಜಿರಾಬಿ ನನ್ನತ್ತ ತಿರುಗಿದಳು. "ರೇಣವ್ವಕ್ಕ, ಔಷಧ ಮಾರೋ ಅಂಗಡ್ಯಾವರು ಯಾರೂ ನಮಗ ಹಿಂಗ ಬಿಡಿಸಿ ತೋರಿಸಿಲ್ಲ ನೋಡ್ರಿ. ನಮ್ಮ ತೊಗರಿ ತಡಾ ಬಿತ್ತಿದ್ದು, ಕೀಡಿ ಇನ್ನಾ ಮೇಯಾಕತ್ತಾವ." ಚೀಲದಿಂದ ಖಾಲಿ ಬಾಟಲಿ ತೆಗೆದಳು.

ಅರೆದಿಟ್ಟು ಉಳಿದಿದ್ದ ಕೀಡಿ ರಸಕ್ಕೆ ಸೊಸೆ ಸೋಸುವ ಬಟ್ಟೆ ಹಿಡಿದಳು. ನಾನು ಬಾಟಲಿ ಹಿಡಿದೆ.