ಮೊಳೆ ತೆಪ್ಪದ ಬಾಡಿಗೆದಾರರು

ಆ ಕೆರೆಯ ಮರಳುದಂಡೆಯಲ್ಲಿ ಈಜು ಕಲಿತವರೆಲ್ಲ ಒಂದೇ ದಿನ ನೀರಿಗಿಳಿದಿದ್ದರೆ, ಕೆರೆ ತಾನೇ ಎದ್ದು ರಸ್ತೆಗೆ ಬಂದು ನಿಲ್ಲಬೇಕಾಗುತ್ತಿತ್ತು. ಅಂಥ ಲಕ್ಷಾಂತರ ಈಜುಗಾರರಲ್ಲಿ ಒಬ್ಬನೇ ಒಬ್ಬನಿಗೆ ಮೊಸಳೆ ಎಂಬ ಬಿರುದು ಸಿಕ್ಕಿತ್ತು. ಅವನು ಪೇಟೆಬೀದಿಯಲ್ಲಿ ಕಟಿಂಗ್ ಶಾಪ್ ಇಟ್ಟಿದ್ದ. ಬ್ಯಾಂಕಿನಲ್ಲಿ ಅವನ ಹುಟ್ಟುಹೆಸರು ಹಿಡಿದು ಕೂಗಿದಾಗ, ಯಾರಪ್ಪ ಆ ಪುಣ್ಯಾತ್ಮ ಎಂದು ಅವನೇ ತಿರುಗಿ ನೋಡಿದ್ದುಂಟು. ವಯಸ್ಸು ಅರವತ್ತರ ಹತ್ತಿರ. ಹೊಟ್ಟೆ ಅವನಿಗಿಂತ ಅರ್ಧ ಗಳಿಗೆ ಮುಂಚೆಯೇ ಬಾಗಿಲು ದಾಟುತ್ತಿತ್ತು. ಆದರೂ ಗಿರಾಕಿಯ ಮುಖಕ್ಕೆ ಸೋಪಿನ ನೊರೆ ಹಚ್ಚಿದ ಕೂಡಲೇ ಅವನಿಗೆ ಕೆರೆಯ ನೆನಪಾಗುತ್ತಿತ್ತು. ನೊರೆ ಒಣಗಿ, ಗಿರಾಕಿಯ ಕೆನ್ನೆ ಹಳೇ ಗೋಡೆಯ ಸುಣ್ಣದಂತೆ ಬಿರುಕು ಬಿಡುವವರೆಗೂ ಕತೆ ಮುಗಿಯುತ್ತಿರಲಿಲ್ಲ.

ಕತೆಯ ನಾಯಕ ಯಾವಾಗಲೂ ಒಂದು ತೆಪ್ಪ. ದಂಡೆಯಿಂದ ಕೂಗಿದರೆ ಕೇಳಿಸುವಷ್ಟು ದೂರದಲ್ಲಿ ಸರಪಳಿ ಕಟ್ಟಿ ತೇಲಿಬಿಟ್ಟ ಮರದ ತೆಪ್ಪ. ಅದನ್ನು ಮಾಡಿದವನು ಮೊಸಳೆಯ ಅಪ್ಪ, ಬಡಗಿ. ಊರಿನ ಯಾವ ಮಗುವಾದರೂ ಮೊದಲ ಸಲ ಯಾರ ಕೈಯನ್ನೂ ಹಿಡಿಯದೆ ತೆಪ್ಪದವರೆಗೆ ಈಜಿದರೆ, ಅಪ್ಪ ದೋಣಿಯಲ್ಲಿ ಬಂದು ಅದರ ಕೈಗೆ ಸುತ್ತಿಗೆ ಕೊಡುತ್ತಿದ್ದ. ಮಗು ತೆಪ್ಪದ ಅಂಚಿಗೆ ಒಂದು ಮೊಳೆ ಹೊಡೆಯಬೇಕು. ನಡುಗುವ ಕೈ, ಸೋರುವ ಮೂಗು. ಮೊಳೆ ಬಗ್ಗದೇ ಇನ್ನೇನಾದೀತು? "ಬಗ್ಗಿದರೂ ನಿನ್ನದೇ ಕಣೋ, ಇರಲಿ ಬಿಡು" ಎನ್ನುತ್ತಿದ್ದ ಅಪ್ಪ. ಅಪ್ಪನ ಕಾಲ ಮುಗಿದ ಮೇಲೆ ಸುತ್ತಿಗೆ ಮೊಸಳೆಯ ಕೈಗೆ ಬಂತು. ಬರಬರುತ್ತ ತೆಪ್ಪದಲ್ಲಿ ಮರಕ್ಕಿಂತ ಕಬ್ಬಿಣವೇ ಹೆಚ್ಚಾಯಿತು. ದಂಡೆಯಲ್ಲಿ ನಿಂತು ಆಯಸ್ಕಾಂತ ತೋರಿಸಿದರೆ ಸಾಕುನಾಯಿಯಂತೆ ಹಿಂದೆಯೇ ಬರುತ್ತದೆ ಎಂದು ಮೊಸಳೆ ಆಣೆ ಇಟ್ಟು ಹೇಳುತ್ತಿದ್ದ.

ಈಗ ಆ ದಂಡೆಯನ್ನು ಹಕ್ಕಿಗಳಿಗೆ ಬಿಟ್ಟುಕೊಡುವುದೆಂದು ಕೆರೆ ಸಮಿತಿ ತೀರ್ಮಾನಿಸಿತ್ತು. ಲಾರಿಗಟ್ಟಲೆ ತಂದು ಸುರಿದಿದ್ದ ಮರಳನ್ನು ಎತ್ತುವುದು, ಬಟ್ಟೆ ಬದಲಿಸುವ ಕೋಣೆಯನ್ನೂ ದೀಪದ ಕಂಬಗಳನ್ನೂ ಕಿತ್ತುಹಾಕುವುದು, ಜೊಂಡುಹುಲ್ಲು ತನ್ನ ಪಾಡಿಗೆ ತಾನು ಬೆಳೆಯಲಿ ಎಂದು ಸುತ್ತ ಬೇಲಿ ಹಾಕಿ ಬೀಗ ಜಡಿಯುವುದು. ತೆಪ್ಪವನ್ನು ಒಡೆದು ಸೌದೆ ಮಾಡುವುದು. ಇದಿಷ್ಟೇ ಆಗಿದ್ದರೆ ಮೊಸಳೆ ಊರನ್ನೆಲ್ಲ ಬೈದು ಸುಮ್ಮನಾಗುತ್ತಿದ್ದ. ಆದರೆ ಸಭೆಯಲ್ಲಿ ಇದಕ್ಕೆಲ್ಲ ಒಪ್ಪಿಗೆಯೆಂದು ಮೇಲೆದ್ದ ಮೊದಲ ಕೈ ಅವನ ಸ್ವಂತ ತಂಗಿಯದಾಗಿತ್ತು.

ತಂಗಿ ಟೈಲರ್. ಅವಳ ಅಂಗಡಿ ಅವನ ಅಂಗಡಿಗೆ ಅಂಟಿಕೊಂಡೇ ಇತ್ತು. ನಡುವೆ ಹಲಗೆಯ ಗೋಡೆ, ಅದೂ ಅಪ್ಪನ ಕೈಕೆಲಸವೇ. ಗೋಡೆಯಲ್ಲಿ ಅಪ್ಪ ಒಂದು ಕಿಂಡಿ ಕೊರೆದು, ಸರಿಸುವ ಮುಚ್ಚಳ ಇಟ್ಟಿದ್ದ. ಆ ಕಿಂಡಿಯಲ್ಲಿ ಅವಳ ಕತ್ತರಿಗಳು ಸಾಣೆಗೆ ಈ ಕಡೆ ಬರುತ್ತಿದ್ದವು, ಅವನು ಗಿರಾಕಿಗಳಿಗೆ ಹೊದಿಸುವ ಬಟ್ಟೆಗಳು ಹೊಲಿಗೆಗೆ ಆ ಕಡೆ ಹೋಗುತ್ತಿದ್ದವು. ಟೀ ಲೋಟಗಳು, ಬೈಗುಳಗಳು ಎರಡೂ ಕಡೆ ಓಡಾಡುತ್ತಿದ್ದವು. ಸಭೆ ನಡೆದ ದಿನ ಸಂಜೆ ಮೊಸಳೆ ಮುಚ್ಚಳ ಸರಿಸಿ ಕಿಂಡಿ ಮುಚ್ಚಿದ ರಭಸಕ್ಕೆ ಮೂರು ಬೀದಿಗಳಾಚೆ ಮಲಗಿದ್ದ ಬೆಕ್ಕು ಎದ್ದು ಊರು ಬಿಟ್ಟು ಹೋಯಿತು.

ಅಲ್ಲಿಂದ ಮಾತೆಲ್ಲ ಗಿರಾಕಿಗಳ ಮೂಲಕ.

ಒಂದು ಬೆಳಿಗ್ಗೆ ನಿವೃತ್ತ ಪೋಸ್ಟ್‌ಮನ್ ಕುರ್ಚಿಯಲ್ಲಿ ಕೂತಿದ್ದರು. ಮೊಸಳೆ ಗೋಡೆಗೆ ಕೇಳುವಂತೆ ಹೇಳಿದ, "ಪಕ್ಕದವರಿಗೆ ಹೇಳಿ ಸಾರ್, ಅಪ್ಪ ಮಾಡಿದ ತೆಪ್ಪಾನ ಸೌದೆ ಮಾಡೋಕೆ ಕೈ ಎತ್ತಿದ ಮಗಳನ್ನ ನಾನು ಇಲ್ಲೀವರೆಗೂ ನೋಡಿರಲಿಲ್ಲ ಅಂತ."

ಗೋಡೆಯಾಚೆ ಹೊಲಿಗೆ ಯಂತ್ರ ನಿಂತಿತು. "ಮಾಮ, ಅಲ್ಲಿರೋರಿಗೆ ಹೇಳಿ. ಹೋದ ಬೇಸಿಗೇಲಿ ಸತ್ತ ಮೀನು ದಂಡೆ ತುಂಬ ಬಿದ್ದಿದ್ದಾಗ ಮೂಗು ಮುಚ್ಚಿಕೊಂಡು ಓಡಿದೋರಲ್ಲಿ ಅವರೂ ಒಬ್ಬರು. ನೀರಿಗಿಳಿದು ಎಷ್ಟು ವರ್ಷ ಆಯ್ತು ಅಂತಲೂ ಕೇಳಿ."

"ನಾನು ಇಳಿದ್ರೆ ಕೆರೆ ಉಕ್ಕುತ್ತೆ ಅಂತ ಊರಿನ ಮೇಲಿನ ದಯೆಯಿಂದ ಇಳೀತಿಲ್ಲ ಅಂತ ಹೇಳಿ."

"ಈಜೋ ಮಕ್ಕಳೆಲ್ಲ ಊರಿನ ಹೊಸ ಈಜುಕೊಳಕ್ಕೆ ಹೋಗ್ತಾರೆ ಅಂತ ಹೇಳಿ. ಇಷ್ಟು ವರ್ಷ ನಾವು ಬಳಸಿಕೊಂಡಾಯ್ತು. ಈಗ ಕೆರೆ ಸ್ವಲ್ಪ ತನಗೋಸ್ಕರ ಇರಲಿ ಅಂತ ಹೇಳಿ."

"ನನ್ನ ಗಡ್ಡ ಒಂದು ಕಡೆ ಹಾಗೇ ಇದೆ ಅಂತ ಇಬ್ಬರಿಗೂ ಹೇಳಬೇಕು" ಎಂದರು ಪೋಸ್ಟ್‌ಮನ್. "ಯಾರ ಮೂಲಕ ಹೇಳಿಸಲಿ?"

ಮೊಸಳೆ ಉಳಿದ ಕೆನ್ನೆಗೆ ಮತ್ತೆ ನೊರೆ ಹಚ್ಚಿದ. ಮಕ್ಕಳ ಬಗ್ಗೆ ತಂಗಿ ಆಡಿದ ಮಾತು ಮೂಳೆಗೆ ತಾಗಿತ್ತು. ಅಪ್ಪನ ಸುತ್ತಿಗೆ ಕನ್ನಡಿಯ ಹಿಂದಿನ ಗೂಟದಲ್ಲಿ ನೇತಾಡುತ್ತಿತ್ತು. ಕೊನೆಯ ಮಗು ಅದನ್ನು ಹಿಡಿದದ್ದು ಯಾವಾಗ ಎಂದು ಯೋಚಿಸಿದರೆ ಆ ಮಗುವಿಗೇ ಈಗ ಮೀಸೆ ಬಂದಿತ್ತು. ಆದರೆ ತೆಪ್ಪ ಮಾತ್ರ ಉಳಿಯಬೇಕು. ಉಳಿದರೆ ಅದನ್ನು ತಂದು ಅಂಗಡಿಯ ಮುಂದೆ ಹಾಕಿ, ಕಾಯುವ ಗಿರಾಕಿಗಳನ್ನು ಅದರ ಮೇಲೆ ಕೂರಿಸುವುದು. ಒಬ್ಬೊಬ್ಬರೂ ತಮ್ಮ ಮೊಳೆ ಹುಡುಕುತ್ತ ಕೂತಿರಲಿ. ಅಷ್ಟು ಸಾಕು.

ಹಾಗಾಗಿ ಕೆಲಸ ಶುರುವಾದ ವಾರವೇ ಅವನು ಮೀನಂಗಡಿಯ ಗೆಳೆಯನನ್ನು ಅವನ ದೋಣಿ ಸಮೇತ ಕರೆತಂದ. ಕಳ್ಳತನಕ್ಕೆ ಹೋಗುವವರು ಕತ್ತಲೆ ಹುಡುಕುತ್ತಾರೆ. ಈ ಮಹಾಶಯರು ಆರಿಸಿಕೊಂಡದ್ದು ಕೂಲಿಯವರ ಊಟದ ಹೊತ್ತು. ಸೂರ್ಯ ನೆತ್ತಿಯ ಮೇಲೆ, ದಂಡೆಯ ತುಂಬ ಬುತ್ತಿ ಬಿಚ್ಚಿಕೊಂಡ ಜನ. ಇವರಿಬ್ಬರೂ ಸರಪಳಿ ಬಿಚ್ಚಿ ತೆಪ್ಪವನ್ನು ದೋಣಿಗೆ ಕಟ್ಟಿ ಎಳೆದರು. ಕಂಟ್ರಾಕ್ಟರ್ ಕಳಿಸಿದ ಜನ ಇರಬೇಕೆಂದು ಕೂಲಿಯವರು ಅಂದುಕೊಂಡರು. ಒಬ್ಬನಂತೂ ಎದ್ದು ನಿಂತು, "ಸ್ವಲ್ಪ ಎಡಕ್ಕೆ ತಗೊಳ್ಳಿ, ಅಲ್ಲಿ ಕಲ್ಲಿದೆ" ಎಂದು ದಾರಿ ತೋರಿಸಿದ. ದಂಡೆಯ ಮೂಲೆಯಲ್ಲಿ, ಮನುಷ್ಯ ಕಾಲಿಡದ ಜೊಂಡಿನ ನಡುವೆ ತೆಪ್ಪವನ್ನು ತುರುಕಿ, ಸರಪಳಿಯನ್ನು ಹಾಗೇ ಜೊಂಡಿನ ಒಂದು ಬುಡಕ್ಕೆ ಸುತ್ತಿ ಬಂದರು. ಮರಳೆತ್ತುವ ಯಂತ್ರಗಳು ದಂಡೆ ಬಿಟ್ಟು ಹೋದ ಮೇಲೆ ಬಂದು ಒಯ್ಯುವುದೆಂದು ಮಾತಾಯಿತು.

ಯಂತ್ರಗಳು ಹೋಗಲು ಮೂರು ತಿಂಗಳು ಹಿಡಿಯಿತು. ಮರಳು ಹೋಯಿತು, ಕೋಣೆ ಹೋಯಿತು, ಕಂಬಗಳು ಹೋದವು. ಒಂದು ಮಳೆ ಬಿತ್ತು, ನೀರು ಮೊದಲಿನ ಗೆರೆಗೆ ತಾನಾಗಿ ಬಂದು ನಿಂತಿತು. ಶನಿವಾರ ಬೇಲಿಯ ಗೇಟಿಗೆ ಬೀಗ, ಆಮೇಲೆ ಸಮಿತಿಯವರ ಹೊರತು ಯಾರೂ ಒಳಗೆ ಹೋಗುವಂತಿಲ್ಲ ಎಂಬ ಸುದ್ದಿ ಕುರ್ಚಿಗೆ ಬಂದ ಗಿರಾಕಿಯಿಂದ ಸಿಕ್ಕಿತು. ಶುಕ್ರವಾರ ಬೆಳಗಾಗುತ್ತಲೇ ಮೊಸಳೆ ಹೊಸ ಹಗ್ಗದ ಸುರುಳಿ ಹೆಗಲಿಗೆ ಹಾಕಿಕೊಂಡು ಮೀನಂಗಡಿಯವನನ್ನು ಎಬ್ಬಿಸಿದ.

"ಅಂಗಡಿ ಮುಂದೆ ತಂದು ಹಾಕಿದ ಮೇಲೆ ಮೊದಲು ನನಗೆ ಬಿಟ್ಟಿ ಕಟಿಂಗ್" ಎಂದ ಮೀನಂಗಡಿಯವನು, ಹುಟ್ಟು ಹಾಕುತ್ತ.

"ನಿನ್ನ ತಲೇಲಿ ಕೂದಲೆಲ್ಲಿದೆ ಮಾರಾಯ? ಒರೆಸಿ ಕಳಿಸ್ತೀನಿ, ಬಾ."

ದಂಡೆ ಗುರುತೇ ಸಿಗಲಿಲ್ಲ. ಮೊಸಳೆ ಓಡಿ ಬಂದು ನೀರಿಗೆ ಹಾರುತ್ತಿದ್ದ ಜಾಗದಲ್ಲಿ ಕಪ್ಪು ಕೆಸರು, ಅದರ ತುಂಬ ಹಸಿರು ಮೊಳಕೆ. ಮರಳಿನ ಅಡಿಯಲ್ಲಿ ಇಷ್ಟು ವರ್ಷ ಉಸಿರು ಬಿಗಿಹಿಡಿದು ಕೂತಿದ್ದವೇನೋ ಎಂಬಂತೆ ಒಟ್ಟಿಗೇ ತಲೆ ಎತ್ತಿದ್ದವು. ಉಸಿರು ಹಿಡಿಯುವುದರಲ್ಲಿ ಊರಲ್ಲೇ ತನ್ನನ್ನು ಮೀರಿಸುವವರಿಲ್ಲ ಎಂದು ನಂಬಿದ್ದ ಮೊಸಳೆ ದೋಣಿಯ ಅಂಚಿಗೆ ಬಗ್ಗಿ ನೋಡಿದ.

ತೆಪ್ಪ ಇಟ್ಟಲ್ಲೇ ಇತ್ತು. ದೋಣಿ ಜೊಂಡನ್ನು ಸೀಳಿಕೊಂಡು ಹತ್ತಿರವಾದಾಗ ಕೆಂಪು ಹಣೆಯ ಕಪ್ಪು ಹಕ್ಕಿಯೊಂದು ತೆಪ್ಪದ ಮೂಲೆಯಿಂದ ಜಾರಿ ನೀರಿಗಿಳಿದು, ಬಾಲ ಕುಣಿಸುತ್ತ ಜೊಂಡಿನೊಳಗೆ ಮಾಯವಾಯಿತು. ನೀರುಕೋಳಿ. ಅದು ಎದ್ದ ಜಾಗದಲ್ಲಿ ಒಣಹುಲ್ಲಿನ ಬಟ್ಟಲು. ಬಟ್ಟಲಲ್ಲಿ ಕಂದು ಚುಕ್ಕೆಯ ಮೊಟ್ಟೆಗಳು.

"ಆಯ್ತಪ್ಪ" ಎಂದ ಮೀನಂಗಡಿಯವನು. "ನಿನ್ನ ಬೆಂಚಿನ ಮೇಲೆ ಆಗಲೇ ಗಿರಾಕಿ ಕೂತಿದ್ದಾರೆ."

ಮೊಸಳೆ ತೆಪ್ಪಕ್ಕೆ ಕೈ ಹಚ್ಚಿದ. ಗೂಡು ಸುಮ್ಮನೆ ಮೇಲಿಟ್ಟದ್ದಾಗಿರಲಿಲ್ಲ. ಹಕ್ಕಿ ಜೊಂಡಿನ ಎಲೆಗಳನ್ನು ಅಂಚಿನ ಮೊಳೆಗಳಿಗೆ ಸುತ್ತಿ ಸುತ್ತಿ ಬಿಗಿದಿತ್ತು. ನೆಟ್ಟಗೆ ಒಳಗಿಳಿದ ಮೊಳೆಗಳಲ್ಲಿ ಸುತ್ತಲು ಹೊರಗೆ ಏನೂ ಉಳಿದಿರಲಿಲ್ಲ. ಬಗ್ಗಿದವು, ಸೊಟ್ಟಗೆ ನಿಂತವು, ಅವೇ ಗೂಡನ್ನು ಹಿಡಿದುಕೊಂಡಿದ್ದವು. ಅವುಗಳಲ್ಲಿ ಎಲ್ಲಕ್ಕಿಂತ ಸೊಟ್ಟಗಿನದು ಅವನದೇ. ಕಣ್ಣು ಕಟ್ಟಿದರೂ ಅವನು ಅದನ್ನು ಮುಟ್ಟಿ ಹೇಳುತ್ತಿದ್ದ.

"ತಗೊಂಡು ಹೋಗೋಕೆ ಬಂದ್ಯಾ?"

ತಂಗಿ. ಮೊಣಕಾಲುದ್ದದ ಬೂಟು ಹಾಕಿಕೊಂಡು, ಸೀರೆ ಎತ್ತಿಕಟ್ಟಿ, ಕೆಸರಲ್ಲಿ ನಿಂತಿದ್ದಳು. ಬೇಲಿಯ ಸುತ್ತ ಕೊನೆಯ ಸಲ ನೋಡಿಕೊಂಡು ಹೋಗುವುದು ಸಮಿತಿಯಲ್ಲಿ ಅವಳ ಪಾಲಿನ ಕೆಲಸ. ಮೂರು ತಿಂಗಳಲ್ಲಿ ಅವಳು ನೇರವಾಗಿ ಅವನಿಗೆ ಆಡಿದ ಮೊದಲ ಮಾತು ಅದು. ಮೊಸಳೆ ಅಭ್ಯಾಸಬಲದಿಂದ ಮೀನಂಗಡಿಯವನ ಕಡೆ ತಿರುಗಿದ. ಮೀನಂಗಡಿಯವನು ಹುಟ್ಟಿನ ತುದಿಯನ್ನೇ ದಿಟ್ಟಿಸುತ್ತ, "ನನ್ನ ಮೂಲಕ ಏನೂ ಬೇಡಪ್ಪ" ಎಂದ.

"ನಿನಗೆ ಮೊದಲೇ ಗೊತ್ತಿತ್ತಾ, ಇಲ್ಲಿದೆ ಅಂತ?" ಮೊಸಳೆ ಕೇಳಿದ.

"ಹಾಡಹಗಲೇ ಎಳ್ಕೊಂಡು ಹೋದ್ರೆ ಗೊತ್ತಾಗದೆ ಇರುತ್ತಾ? ತೆಪ್ಪ ಎಲ್ಲಿ ಅಂತ ಸಮಿತಿಯವರು ಕೇಳಿದಾಗ ಮುಳುಗಿಹೋಯ್ತು ಅಂದೆ. ಅಷ್ಟು ಕಬ್ಬಿಣ ಇದ್ದ ಮೇಲೆ ಮುಳುಗದೆ ಇನ್ನೇನು ಅಂತ ನಂಬಿದ್ರು."

ಮೊಸಳೆ ಹಗ್ಗದ ಸುರುಳಿಯನ್ನು ಒಂದು ಹೆಗಲಿಂದ ಇನ್ನೊಂದಕ್ಕೆ ಬದಲಾಯಿಸಿದ. "ಸೌದೆ ಮಾಡೋಕೆ ಕೈ ಎತ್ತಿದೋಳು ನೀನೇ ಅಲ್ವಾ?"

"ದಂಡೆ ಬಿಟ್ಟುಕೊಡೋಕೆ ಎತ್ತಿದ್ದು. ಆ ಕೈ ಮತ್ತೆ ಬೇಕಾದ್ರೂ ಎತ್ತುತೀನಿ. ತೆಪ್ಪದ ವಿಷಯಕ್ಕೆ ಮನೆಗೆ ಹೋಗಿ ಅತ್ತಿದ್ದೂ ನಾನೇ. ನಿನಗ್ಯಾಕೆ ಹೇಳಲಿ? ಕಿಂಡಿ ಮುಚ್ಚಿದೋನು ನೀನು."

ಜೊಂಡಿನೊಳಗಿಂದ ಹಕ್ಕಿ ಒಮ್ಮೆ ಕೂಗಿತು. ತಂಗಿ ದನಿ ತಗ್ಗಿಸಿದಳು.

"ಬೇಗ ಹೇಳಣ್ಣ. ನಾವು ಹೋಗೋವರೆಗೂ ಅದು ವಾಪಸ್ ಬರಲ್ಲ, ಮೊಟ್ಟೆ ಆರಿಹೋಗುತ್ತೆ. ಒಯ್ಯೋದಾದ್ರೆ ಇವತ್ತೇ ಒಯ್ಯಿ. ನಾನು ಆ ಕಡೆ ತಿರುಗಿ ನಿಲ್ತೀನಿ. ಬಿಡೋದಾದ್ರೆ ನಾಳೆ ಬೀಗ ಬೀಳುತ್ತೆ, ಆಮೇಲೆ ನೀನು ಇದನ್ನ ಮುಟ್ಟೋಕಾಗಲ್ಲ."

"ಮರಿ ಆಗೋಕೆ ಎಷ್ಟು ದಿನ?"

"ಇನ್ನೂ ವಾರಗಳೇ ಬೇಕು. ಇವು ಹೋದ್ರೂ ಮುಂದಿನ ಸಲಕ್ಕೆ ಇನ್ನೊಂದು ಜೋಡಿ ಬರುತ್ತೆ. ನಿನಗೋಸ್ಕರ ಯಾರೂ ಜಾಗ ಖಾಲಿ ಮಾಡಲ್ಲ."

"ಗೂಡನ್ನ ನಿಧಾನಕ್ಕೆ ಎತ್ತಿ ಆ ಪಕ್ಕ ಇಟ್ಟರೆ?"

"ನಿನ್ನ ಅಂಗಡೀನ ನಿಧಾನಕ್ಕೆ ಎತ್ತಿ ಪಕ್ಕದೂರಲ್ಲಿಟ್ಟರೆ ನೀನು ಬೆಳಿಗ್ಗೆ ಬಂದು ಬಾಗಿಲು ತೆಗೀತೀಯಾ?"

ಅಷ್ಟು ಹೇಳಿ ಅವಳು ನಿಜವಾಗಿಯೂ ಆ ಕಡೆ ತಿರುಗಿ ನಿಂತಳು. ಅವಳ ಬೆನ್ನು ನೋಡುತ್ತ ಮೊಸಳೆಗೆ ಅಪ್ಪನ ದೋಣಿ ನೆನಪಾಯಿತು. ತಾನು ಮೊದಲ ಸಲ ಈಜುವ ದಿನ ಅಪ್ಪ ಹೀಗೇ ಬೆನ್ನು ತಿರುಗಿಸಿ ಕೂತಿದ್ದ. ನೋಡುತ್ತಿದ್ದರೆ ಕೈ ಚಾಚಿಬಿಡುತ್ತೇನೆ, ಆಗ ಅದು ನಿನ್ನ ಈಜು ಆಗುವುದಿಲ್ಲ ಎಂದಿದ್ದ.

ಮೊಸಳೆ ದೋಣಿಯಿಂದ ನೀರಿಗಿಳಿದ. ಕೆರೆ ಉಕ್ಕಲಿಲ್ಲ. ಎದೆಮಟ್ಟದ ನೀರು, ಕಾಲಡಿ ಮರಳಿಲ್ಲ, ಮೆತ್ತನೆ ಕೆಸರು. ಎಷ್ಟೋ ವರ್ಷಗಳ ನಂತರ ಆ ತಂಪು ಅವನ ಪಕ್ಕೆಲುಬುಗಳನ್ನು ಒಂದೊಂದಾಗಿ ಮುಟ್ಟಿ ವಿಚಾರಿಸಿಕೊಂಡಿತು. ಅವನು ಸರಪಳಿ ಹುಡುಕಿ ಎಳೆದು ನೋಡಿದ. ಅಂದು ಅವಸರದಲ್ಲಿ ಸುತ್ತಿದ್ದು, ಮಳೆಯ ನೀರಿಗೆ ಆಗಲೇ ಸಡಿಲಾಗಿತ್ತು. ಇನ್ನೊಂದು ದೊಡ್ಡ ಮಳೆ ಬಂದರೆ ತೆಪ್ಪ ಗೂಡಿನ ಸಮೇತ ತೂಬಿನ ಕಡೆ ಹರಿದುಹೋಗುತ್ತಿತ್ತು.

ಎಳೆದೊಯ್ಯಲು ತಂದಿದ್ದ ಹಗ್ಗವನ್ನು ಅವನು ಹೆಗಲಿಂದ ತೆಗೆದ. ನೀರಲ್ಲಿ ಮುಳುಗಿದ್ದ ಹಳೆಯ ಮರದ ಬೊಡ್ಡೆಗೆ ಎರಡು ಸುತ್ತು, ತೆಪ್ಪದ ಸರಪಳಿಗೆ ಎರಡು ಸುತ್ತು, ನೀರು ಏರಿದರೆ ತೆಪ್ಪವೂ ಏರುವಷ್ಟು ಸಡಿಲು ಬಿಟ್ಟು, ಅಪ್ಪ ಕಲಿಸಿದ ಗಂಟು ಹಾಕಿದ. ಗೂಡಿನ ಮೇಲೆ ಒಂದು ಹನಿಯೂ ಬೀಳದಂತೆ ಕೈಗಳನ್ನು ನೀರೊಳಗೇ ಆಡಿಸಿದ. ಕೊನೆಗೆ ತನ್ನ ಸೊಟ್ಟ ಮೊಳೆಯ ತಲೆಯನ್ನು ಒಂದು ಬೆರಳಿಂದ ಮುಟ್ಟಿ, ಹಿಂದೆ ಸರಿದ.

"ಆಯ್ತು, ತಿರುಗು" ಎಂದ.

ತಂಗಿ ತಿರುಗಿ ಹಗ್ಗ ನೋಡಿದಳು, ಗಂಟು ನೋಡಿದಳು. ಕೈ ಚಾಚಿ ಅವನನ್ನು ಕೆಸರಿನ ಮೇಲಕ್ಕೆ ಎಳೆಯಹೋದಳು. ಅವನ ಭಾರಕ್ಕೆ ಇಬ್ಬರೂ ಜಾರಿ ಕುಕ್ಕರುಬಡಿದರು. ಮೀನಂಗಡಿಯವನು ನಗುವುದನ್ನು ತಡೆಯಲು ಬಾಯಿಗೆ ಟವೆಲ್ ತುರುಕಿಕೊಂಡ. ದೋಣಿ ದೂರ ಸರಿದ ಮೇಲೆ ನೀರುಕೋಳಿ ಅತ್ತಿತ್ತ ನೋಡುತ್ತ ತೆಪ್ಪ ಹತ್ತಿತು.

ಮರುದಿನ ಗೇಟಿಗೆ ಬೀಗ ಬಿತ್ತು. ಬೇಲಿಯ ಹೊರಗೆ ನಿಂತರೆ ಜೊಂಡು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಮೊಸಳೆ ದಿನವೂ ಅಂಗಡಿ ತೆರೆಯುವ ಮೊದಲು ಹೋಗಿ ಆ ಕಾಣದ್ದನ್ನು ನೋಡಿ ಬರುತ್ತಿದ್ದ. ಅಂಗಡಿಯ ಮುಂದೆ ಬೆಂಚು ಬರಲಿಲ್ಲ. ಗಿರಾಕಿಗಳು ನಿಂತೇ ಕಾಯುತ್ತಿದ್ದರು, ನಿಂತೇ ಗೊಣಗುತ್ತಿದ್ದರು.

ಕೆಲವು ವಾರ ಕಳೆದ ಮೇಲೆ ಪೋಸ್ಟ್‌ಮನ್ ಮತ್ತೆ ಕುರ್ಚಿಯಲ್ಲಿ ಕೂತರು. ಕೆನ್ನೆಗೆ ನೊರೆ ಬಿತ್ತು, ಕತೆ ಶುರುವಾಯಿತು.

"ಐವತ್ತು ಮರಿ ಸಾರ್. ಐವತ್ತೂ ನನ್ನ ಮೊಳೆ ಹಿಡ್ಕೊಂಡು ಸಾಲಾಗಿ ಈಜು ಕಲೀತಿವೆ."

ಗೋಡೆಯ ಕಿಂಡಿಯ ಮುಚ್ಚಳ ಕಿರ್ ಎಂದು ಸರಿಯಿತು. "ಐದು" ಎಂದಿತು ತಂಗಿಯ ದನಿ. "ನಿನ್ನೆ ಸಮಿತಿ ಕೆಲಸಕ್ಕೆ ಒಬ್ಬಳೇ ಹೋದಾಗ ನೋಡ್ಕೊಂಡು ಬಂದೆ. ಹಗ್ಗ ಗಟ್ಟಿಯಾಗಿದೆ."

ಮೊಸಳೆಯ ಕೈಯಲ್ಲಿದ್ದ ಕತ್ತಿ ಗಾಳಿಯಲ್ಲೇ ನಿಂತಿತು. ಅವನು ಕನ್ನಡಿಯಲ್ಲಿ ಕಿಂಡಿಯನ್ನು ನೋಡಿದ. ಅಲ್ಲಿಂದ ಅವಳ ದೊಡ್ಡ ಕತ್ತರಿ, ಹಿಡಿ ಮುಂದಾಗಿ, ಸಾಣೆಗಾಗಿ ಈ ಕಡೆ ಬಂದಿತ್ತು.

"ಸರಿ, ಐದೇ ಇರಲಿ" ಎಂದ ಅವನು, ಕತ್ತರಿ ತೆಗೆದುಕೊಳ್ಳುತ್ತ. "ಆದರೆ ಒಂದೊಂದೂ ನಮ್ಮ ಪೋಸ್ಟ್‌ಮನ್ ಸಾಹೇಬರಷ್ಟು ದಪ್ಪ."