ಮುಂದಿನ ಬ್ರೇಕು

ಮುಂದಿನ ಬ್ರೇಕು ಹಿಡಿಯಲಿಲ್ಲ. ಮನೆಯೆದುರಿನ ಇಳಿಜಾರಿನಲ್ಲಿ ಹತ್ತು ಗಜ ಹೋಗಿ ಅದುಮಿ ನೋಡಿದಳು. ಸೈಕಲ್ಲು ತನಗೂ ಅದಕ್ಕೂ ಸಂಬಂಧವೇ ಇಲ್ಲವೆಂಬಂತೆ ಮುಂದಕ್ಕೆ ಜಾರಿತು. ಹಿಂದಿನ ಬ್ರೇಕು ಹಾಕಿ, ಎರಡೂ ಕಾಲು ಊರಿ, ಪಕ್ಕದ ಮನೆಯ ಗೇಟಿಗೆ ಇನ್ನೊಂದು ಗೇಣು ಇದೆ ಅನ್ನುವಾಗ ನಿಂತಳು. ರೇಸು ಶುರುವಾಗಲು ಉಳಿದದ್ದು ಒಂದೂವರೆ ಗಂಟೆ.

ಕುಕ್ಕರುಗಾಲಲ್ಲಿ ಕೂತು, ಮುಂದಿನ ಚಕ್ರದ ನಡುವೆ ತಿರುಗುವ ಬ್ರೇಕಿನ ಉಕ್ಕಿನ ಡಿಸ್ಕಿಗೆ ಬೆರಳು ಸವರಿದಳು. ಬೆರಳು ಮಿರುಗಿತು. ಮೂಗಿನ ಹತ್ತಿರ ತಂದಳು. ಹುಟ್ಟಿದಾಗಿನಿಂದ ಮನೆಯ ತುಂಬ ಇದ್ದ ವಾಸನೆ. ಅದೇನೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಹೊಲಿಗೆ ಮೆಷಿನ್ನಿನ ಎಣ್ಣೆ.

"ಹೆಂಗಿದೆ ಈಗ?" ಅಪ್ಪ ಬಾಗಿಲಲ್ಲಿ ನಿಂತು ಕೇಳಿದ. ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದ. "ನಿನ್ನೆ ನೀನು ಅಂಗಡಿಗೆ ಹೋಗಿದ್ದಾಗ ಎರಡು ಹನಿ ಬಿಟ್ಟೆ. ಒಂದು ತಿಂಗಳಿಂದ ಕೇಳ್ತಾ ಇದೀನಿ, ಯಾರೋ ಕತ್ತು ಹಿಸುಕಿದ ಹಾಗೆ ಕಿರುಚ್ತಿತ್ತು. ಈಗ ನೋಡು, ಸದ್ದೇ ಇಲ್ಲ."

"ಸದ್ದಿಲ್ಲ," ಅಂದಳು ಮಗಳು.

ಅಪ್ಪನದು ನಲವತ್ತು ವರ್ಷ ಹೊಲಿಗೆ ಮೆಷಿನ್ ರಿಪೇರಿ ಮಾಡಿದ ಕೈ. ಅವನ ಲೋಕದಲ್ಲಿ ಎಣ್ಣೆಯಿಂದ ವಾಸಿಯಾಗದ ಕಾಯಿಲೆಯೇ ಇರಲಿಲ್ಲ. ಬಾಗಿಲು ಕಿರುಗುಟ್ಟಿದರೆ ಎಣ್ಣೆ, ಮಂಚ ಅಲುಗಿದರೆ ಎಣ್ಣೆ, ಫ್ಯಾನು ಗೊಣಗಿದರೆ ಎಣ್ಣೆ. ಅಮ್ಮ ಇದ್ದಾಗ, "ನನ್ನ ಮಂಡಿಗೂ ಎರಡು ಹನಿ ಬಿಟ್ಟುಬಿಡಿ, ಇನ್ನು ಅದೊಂದು ಯಾಕೆ ಬಾಕಿ" ಎಂದು ಛೇಡಿಸುತ್ತಿದ್ದಳು. ಎಣ್ಣೆ ತಾಗಿದರೆ ಕೆಟ್ಟುಹೋಗುವ ಯಂತ್ರವೂ ಒಂದಿದೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಮಗಳೂ ಹೇಳಿರಲಿಲ್ಲ, ಏಕೆಂದರೆ ಎರಡು ವರ್ಷದಲ್ಲಿ ಅಪ್ಪ ಆ ಸೈಕಲ್ಲನ್ನು ಒಂದು ಸಲವೂ ಮುಟ್ಟಿರಲಿಲ್ಲ. ಹಜಾರದಲ್ಲಿ ಅಡ್ಡ ಸಿಕ್ಕರೆ ಮೈ ಸೋಕದ ಹಾಗೆ ಸುತ್ತುಹಾಕಿ ಹೋಗುತ್ತಿದ್ದ. ಮೊದಲ ಸಲ ಮುಟ್ಟಿದ್ದು ನಿನ್ನೆ.

"ನಡಿ, ನಾನೂ ಬರ್ತೀನಿ," ಅಂದ. "ನೀರಿನ ಕ್ಯಾನು ಹಿಡ್ಕೊಳ್ಳೋಕಾದ್ರೂ ಒಬ್ಬರು ಬೇಡ್ವಾ?"

ಅವಳು ಎಣ್ಣೆಯ ಮಾತೆತ್ತದೆ ಸೈಕಲ್ಲನ್ನು ಬಾಡಿಗೆ ವ್ಯಾನಿಗೆ ಏರಿಸಿದಳು.

ಕಳೆದ ವರ್ಷವೂ ಇದೇ ರೇಸು. ಗುಡ್ಡದ ಮಣ್ಣುದಾರಿಯಲ್ಲಿ ನಲವತ್ತು ಕಿಲೋಮೀಟರಿನ ಎರಡು ಸುತ್ತು. ಬೆಳಿಗ್ಗೆ ಏಳಕ್ಕೆ ಹೊರಟು ಮಧ್ಯಾಹ್ನ ಎರಡರೊಳಗೆ ಮುಗಿಸಬೇಕು. ಅದಕ್ಕೂ ಮೊದಲು, ಹನ್ನೊಂದು ಕಿಲೋಮೀಟರು ಬಾಕಿ ಇರುವಲ್ಲಿ, ಕೊನೆಯ ಗೇಟು. ಅದನ್ನು ಒಂದು ಗಂಟೆಗೆ ಸರಿಯಾಗಿ ಮುಚ್ಚುತ್ತಾರೆ; ತಡವಾದವರು ರೇಸಿನಿಂದ ಹೊರಗೆ. ಅವಳು ಮುಟ್ಟಿದ್ದು ಒಂದು ಗಂಟೆ ನಾಲ್ಕು ನಿಮಿಷಕ್ಕೆ. ಹಳದಿ ಕೋಟಿನ ಹೆಂಗಸೊಬ್ಬಳು "ಬೇಜಾರು ಮಾಡ್ಕೋಬೇಡಿ ಅಕ್ಕಾ" ಅನ್ನುತ್ತ ಕತ್ತರಿ ತೆಗೆದು, ಹ್ಯಾಂಡಲ್ಲಿಗೆ ಕಟ್ಟಿದ್ದ ನಂಬರಿನ ದಾರ ಕತ್ತರಿಸಿದ್ದಳು. ಇಪ್ಪತ್ತಾರು ವರ್ಷದಿಂದ ಕತ್ತರಿ ಹಿಡಿದೇ ಬದುಕಿದವಳಿಗೆ ಆ ಒಂದು ಕಚಕ್ ಸದ್ದು ವರ್ಷವಿಡೀ ಕಿವಿಯಿಂದ ಹೋಗಲಿಲ್ಲ. ಮನೆಗೆ ಬಂದರೆ ಅಪ್ಪ, "ನಲವತ್ತೈದರಲ್ಲಿ ಸೈಕಲ್ ಸರ್ಕಸ್ಸು ಮಾಡಿದ್ರೆ ಇನ್ನೇನಾಗುತ್ತೆ" ಅಂದು ಪೇಪರು ಅಗಲಿಸಿಕೊಂಡಿದ್ದ.

ಅವಳಿಗೆ ಬಹುಮಾನ ಬೇಕಿರಲಿಲ್ಲ. ಮುಗಿಸಬೇಕಿತ್ತು, ಅಷ್ಟೇ. ಅವಳ ಅಂಗಡಿಗೆ ಬರುವುದೆಲ್ಲ ಬೇರೆಯವರು ಹೊಲಿದ ಬಟ್ಟೆ: ಸೊಂಟ ಸಡಿಲ ಮಾಡು, ತೋಳು ಗಿಡ್ಡ ಮಾಡು, ಜಿಪ್ಪು ಬದಲಾಯಿಸು. ತಾನೇ ಶುರು ಮಾಡಿ ತಾನೇ ಮುಗಿಸಿದ್ದು ಅಂತ ಒಂದಾದರೂ ಇರಬೇಕು ಎಂಬ ಹಟ ಅವಳನ್ನು ಹಿಡಿದುಬಿಟ್ಟಿತ್ತು.

ಸೈಕಲ್ಲಿನ ಹುಚ್ಚು ಅಂಟಿಸಿದ್ದೂ ಆ ಅಂಗಡಿಯೇ. ನಿವೃತ್ತ ಭೂಗೋಳದ ಮೇಷ್ಟ್ರೊಬ್ಬರು ಕೂರುವ ಜಾಗದಲ್ಲೇ ಹರಿದುಹೋದ ಸೈಕಲ್ ಚಡ್ಡಿ ತಂದು, ನಾಚಿಕೆಯಿಂದ ಪೇಪರಿನಲ್ಲಿ ಸುತ್ತಿ ಕೊಟ್ಟಿದ್ದರು. ಇದು ಹೇಗೆ ಹರಿಯಿತು ಎಂದು ಕೇಳಿದ್ದೇ ತಪ್ಪಾಯಿತು. ಅರ್ಧ ಗಂಟೆ ಗುಡ್ಡದ ಪಾಠ ನಡೆಯಿತು. ಆರು ತಿಂಗಳಲ್ಲಿ ಅವಳು ಅವರ ಶಿಷ್ಯೆ. ಮೊದಲ ದಿನ ಅವರು ಅವಳ ಟೈರನ್ನು ಹೆಬ್ಬೆರಳಲ್ಲಿ ಒತ್ತಿ, "ತಾಯಿ, ಇದು ಟೈರೋ ಕಲ್ಲೋ? ಗಟ್ಟಿ ಇದ್ರೆ ಜೋರಾಗಿ ಓಡುತ್ತೆ ಅನ್ನೋದು ಟಾರು ರಸ್ತೆ ಮಾತು. ಕಲ್ಲುದಾರೀಲಿ ಟೈರು ನೆಲಾನ ಅಪ್ಕೋಬೇಕು" ಎಂದು ಅರ್ಧ ಗಾಳಿ ಬಿಟ್ಟಿದ್ದರು. ಹಿಮ್ಮಡಿ ಪೆಡಲಿನ ಮೇಲಿಟ್ಟಾಗ ಕಾಲು ನೆಟ್ಟಗಾಗುವಷ್ಟು ಸೀಟು ಏರಿಸಿದ್ದರು. ಆಮೇಲೆ ಎಂಟು ತಿಂಗಳು ಅವಳನ್ನು ನಿಧಾನವಾಗಿ ತುಳಿಸಿದರು. ಮಾತಾಡಲು ಆಗದಷ್ಟು ಏದುಸಿರು ಬಂದರೆ ಅದು ತಪ್ಪು ವೇಗ. ಒಬ್ಬಳೇ ಹೋಗುವಾಗ ಯಾರ ಜೊತೆ ಮಾತಾಡುವುದು? ಅವಳು ಗಿರಾಕಿಗಳ ಅಳತೆ ಹೇಳಿಕೊಳ್ಳುತ್ತಿದ್ದಳು: "ಸೊಂಟ ಮೂವತ್ತೆರಡು, ಉದ್ದ ನಲವತ್ತು, ತೋಳು ಇಪ್ಪತ್ಮೂರು." ಎದುರಿಗೆ ಸಿಕ್ಕವರು ಹೆದರಿ ಪಕ್ಕಕ್ಕೆ ಸರಿಯುತ್ತಿದ್ದರು. ಇನ್ನೊಂದು ನಿಯಮ, ಹಸಿವಾಗಲಿ ಆಗದಿರಲಿ, ಅರ್ಧ ಗಂಟೆಗೊಮ್ಮೆ ತಿನ್ನಬೇಕು. ಕಡೆಯದು, ರೇಸಿನ ವಾರದಲ್ಲಿ ಸೈಕಲ್ಲಿನ ಒಂದು ಸ್ಕ್ರೂ ಕೂಡ ಮುಟ್ಟಬಾರದು.

ರೇಸಿನ ಮೈದಾನದಲ್ಲಿ ನಂಬರು ಪಡೆಯುವ ಸಾಲು ಉದ್ದವಿತ್ತು. ಸವಾರರ ನೆರವಿಗೆಂದು ಮೇಷ್ಟ್ರು ಹಾಕಿದ್ದ ಡೇರೆ ಮುಟ್ಟುವಾಗ ರೇಸಿಗೆ ಎಂಟೇ ನಿಮಿಷ. ಅವರು ಡಿಸ್ಕು ನೋಡಿದರು, ಮೂಸಿದರು, ಆಮೇಲೆ ಮೈದಾನವೆಲ್ಲ ತಿರುಗಿ ನೋಡುವಂತೆ ಕೂಗಿದರು.

"ಯಾವ ಗೂಬೆ ರೀ ಈ ಕೆಲಸ ಮಾಡಿದ್ದು? ಡಿಸ್ಕಿಗೆ ಎಣ್ಣೆ! ಗುಡ್ಡದ ಮೇಲಿಂದ ತಳ್ಳಿದ್ರೆ ಇದಕ್ಕಿಂತ ಸಲೀಸಾಗಿ ಕೊಲ್ಲಬಹುದಿತ್ತಲ್ಲ!"

ನೀರಿನ ಕ್ಯಾನು ಹಿಡಿದು ಪಕ್ಕದಲ್ಲೇ ನಿಂತಿದ್ದ ಅಪ್ಪನ ಬಾಯಿ ತೆರೆಯಿತು. ಅವನಿಗಿಂತ ಮೊದಲು ಅವಳು ಮಾತಾಡಿದಳು.

"ನಾನೇ ಸಾರ್. ಕಿರುಗುಟ್ತಿತ್ತು ಅಂತ…"

"ನೀವಾ?" ಮೇಷ್ಟ್ರು ಅವಳನ್ನೇ ದಿಟ್ಟಿಸಿದರು. ಸ್ಪಿರಿಟ್ಟು ಸುರಿದು ಡಿಸ್ಕು ಒರೆಸಿದರು. ಡಿಸ್ಕನ್ನು ಎರಡು ಕಡೆಯಿಂದ ಕಚ್ಚಿ ಹಿಡಿಯುವ ಪುಟ್ಟ ಪ್ಯಾಡುಗಳ ಮೇಲೆ ಸಂದಿಯಿಂದಲೇ ಉಜ್ಜುಕಾಗದ ಆಡಿಸಿದರು. "ಪ್ಯಾಡು ಎಣ್ಣೆ ಕುಡಿದುಬಿಟ್ಟಿದೆ. ಇನ್ನು ಅದು ಅರ್ಧ ಹಿಡಿದ್ರೆ ನಿಮ್ಮ ಪುಣ್ಯ. ಬಿಚ್ಚಿ ಬೇರೆ ಹಾಕೋಣ ಅಂದ್ರೆ ಈ ಕಣ್ಣಿಗೆ ಮುಕ್ಕಾಲು ಗಂಟೆ ಬೇಕು. ಕಡಿದಾದ ಕಡೆ ಇಳಿದು ನಡೀರಿ. ಇಲ್ಲಾಂದ್ರೆ ಈ ವರ್ಷ ಬಿಟ್ಟುಬಿಡಿ."

"ಬಿಡಲ್ಲ," ಅಂದಳು.

ಮೊದಲ ಏರಿನಲ್ಲಿ ಬಹಳಷ್ಟು ಜನ ಅವಳನ್ನು ದಾಟಿಹೋದರು. ಅದು ಲೆಕ್ಕದಲ್ಲೇ ಇತ್ತು. ಏರಿನಲ್ಲಿ ಕಳೆದದ್ದನ್ನು ಇಳಿಜಾರಿನಲ್ಲಿ ಗಳಿಸುವುದು ಅವಳ ಉಪಾಯ. ಮೈತೂಕ ಹಿಂದಕ್ಕೆಳೆದುಕೊಂಡು, ಮುಂದಿನ ಬ್ರೇಕನ್ನು ಒಂದೇ ಬೆರಳಲ್ಲಿ ಮುದ್ದಿಸುತ್ತ ಇಳಿಯುವುದರಲ್ಲಿ ಅವಳು ಪಳಗಿದ್ದಳು. ಈಗ ಅದೇ ಇಲ್ಲ. ಹಿಂದಿನ ಬ್ರೇಕನ್ನೇ ನಂಬಿದರೆ ಚಕ್ರ ಜಾರಿ ಬಾಲ ಆಡಿಸುತ್ತಿತ್ತು. ಬೇರುಗಳು ಎದ್ದುನಿಂತ ಇಳಿಜಾರಿನಲ್ಲಿ ಇಳಿದು ನಡೆದಳು; ಕಳೆದ ವರ್ಷ ಕಿರುಚಿಕೊಂಡು ಹಾರಿಹೋದ ಜಾಗ ಅದು. ಪಕ್ಕದಲ್ಲಿ ಕಾಲೇಜು ಹುಡುಗಿಯರು ಸುಂಯ್ ಎಂದು ಹೋದರು. ಆಗ ಅಪ್ಪನ ಮೇಲೆ ಕೋಪ ಉಕ್ಕಿಬಂತು. ಎರಡು ವರ್ಷ ಕಣ್ಣೆತ್ತಿ ನೋಡದವನು ನಿನ್ನೆಯೇ ಪ್ರೀತಿ ತೋರಿಸಬೇಕಿತ್ತೇ? ಅದೂ ಎಣ್ಣೆಯಲ್ಲೇ? "ಬೇಡವಾಗಿತ್ತಪ್ಪಾ, ಬೇಡವಾಗಿತ್ತು" ಎಂದು ಗಟ್ಟಿಯಾಗಿ ಬೈದುಕೊಂಡಳು. ಕಣ್ಣು ಮಂಜಾಯಿತು.

ಕೋಪದಲ್ಲಿ ಕಾಲು ತಾನಾಗಿ ಜೋರಾಯಿತು. ಮುಂದಿನ ಏರಿನಲ್ಲಿ ಇಬ್ಬರನ್ನು ಹಿಂದೆ ಹಾಕಿದಳು. ಮೂರನೆಯವನ ಹತ್ತಿರ ಬರುವಾಗ ಉಸಿರು ಗಂಟಲಲ್ಲಿ ಸಿಕ್ಕಿಕೊಂಡಿತು. ಸೊಂಟ ಮೂವತ್ತೆರಡು ಅನ್ನಲು ಹೋದರೆ ಬರೀ "ಸೊಂ" ಬಂತು. ಹೀಗೇ ತುಳಿದರೆ ಎರಡನೇ ಸುತ್ತಿಗೆ ಕಾಲೇ ಉಳಿಯುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಹಲ್ಲು ಕಚ್ಚಿ ಗೇರು ಇಳಿಸಿದಳು. ಹಿಂದೆ ಹಾಕಿದ ಇಬ್ಬರೂ ಮತ್ತೆ ಮುಂದೆ ಹೋದರು. ಹೋಗಲಿ ಎಂದು ಬಿಟ್ಟಳು. ಗಡಿಯಾರ ನೋಡಿ, ಉಪ್ಪು ಹಾಕಿ ಬೇಯಿಸಿದ ಆಲೂಗಡ್ಡೆ ಜೇಬಿನಿಂದ ತೆಗೆದು ಬಲವಂತವಾಗಿ ಅಗಿದಳು.

ಮೊದಲ ಸುತ್ತು ಮುಗಿದಾಗ ಹತ್ತು ಮೂವತ್ತೈದು. ಅವಳ ಲೆಕ್ಕಕ್ಕಿಂತ ಇಪ್ಪತ್ತು ನಿಮಿಷ ಹಿಂದೆ. ಹೀಗೇ ಆದರೆ ಕೊನೆಯ ಗೇಟು ಮುಚ್ಚಿಯೇ ಮುಚ್ಚುತ್ತದೆ. ನೀರು ತುಂಬಿಕೊಂಡು ಓಡಬೇಕೆಂದು ಡೇರೆಗೆ ನುಗ್ಗಿದರೆ ಅಪ್ಪ ದಾರಿಗೆ ಅಡ್ಡ ನಿಂತಿದ್ದ. ಇಸ್ತ್ರಿ ಅಂಗಿಯ ತೋಳು ಮೊಣಕೈವರೆಗೆ ಮಡಚಿತ್ತು, ಕೈ ಎರಡೂ ಒದ್ದೆ. ಅವನ ಹಿಂದೆ ಮೇಷ್ಟ್ರ ಸೈಕಲ್ಲು ಮುಂದಿನ ಚಕ್ರ ಕಳಚಿಕೊಂಡು ಅಂಗಾತ ಬಿದ್ದಿತ್ತು.

"ಇಳಿ," ಅಂದ ಅಪ್ಪ. "ಆರು ನಿಮಿಷ ಕೊಡು. ಅಷ್ಟರಲ್ಲಿ ನೀನು ತಿನ್ನು."

"ಅಪ್ಪ, ಟೈಮಿಲ್ಲ…"

"ಇಳಿ ಅಂದೆ."

"ಇಳೀರಿ ತಾಯಿ," ಅಂದರು ಮೇಷ್ಟ್ರು. "ಯಜಮಾನ್ರು ಬೆಳಿಗ್ಗೆಯಿಂದ ನನ್ನ ಸೈಕಲ್ಲಿನ ಪ್ಯಾಡು ಆರು ಸಲ ಬಿಚ್ಚಿ ಆರು ಸಲ ಹಾಕಿದಾರೆ. ನನ್ನದೂ ನಿಮ್ಮದೂ ಒಂದೇ ಬ್ರೇಕು ಅಂತ ಕಂಡುಹಿಡಿದಿದ್ದೂ ಅವರೇ. ಕೈಯಲ್ಲಿ ಎಣ್ಣೆ ಇರಬಾರದು ಅಂತ ತೊಳೆದು ತೊಳೆದು ಒಂದು ಇಡೀ ಸೋಪು ಮುಗೀತು."

ಅಪ್ಪ ಚಕ್ರ ಕಳಚಿದ. ಡಿಸ್ಕನ್ನು ಸ್ಪಿರಿಟ್ಟಿನಲ್ಲಿ ಮೂರು ಸಲ ಒರೆಸಿದ, ಪ್ರತಿ ಸಲವೂ ಹೊಸ ಬಟ್ಟೆ. ಮೇಷ್ಟ್ರ ಪ್ಯಾಡುಗಳನ್ನು ಅಂಚಿನಲ್ಲಷ್ಟೇ ಹಿಡಿದು, ಮುಖಕ್ಕೆ ಬೆರಳು ತಾಗಿಸದೆ, ಸಂದಿಯೊಳಗೆ ಕೂರಿಸಿದ. ಅವು ಜಾರದಂತೆ ಹಿಡಿಯುವ ಸೂಜಿಯಷ್ಟು ತೆಳುವಾದ ಪಿನ್ನನ್ನು ತೂರಿಸುವಾಗ ಉಸಿರು ಬಿಗಿಹಿಡಿದಿದ್ದ. ಅವಳು ಚಿಕ್ಕಂದಿನಲ್ಲಿ ಅವನ ಮೇಜಿನ ಪಕ್ಕ ನಿಂತು ನೋಡುತ್ತಿದ್ದ ಕೈಗಳು ಅವೇ. ಅಗಿಯುವುದನ್ನು ಮರೆತು ನೋಡುತ್ತಾ ನಿಂತಳು.

"ಎಣ್ಣೆ ಬೇಡದ ಮೆಷಿನ್ನೂ ಇರುತ್ತೆ ಅಂತ ಅರವತ್ತೊಂಬತ್ತಕ್ಕೆ ಗೊತ್ತಾಯ್ತು," ಅಂದ ಅಪ್ಪ, ತಲೆಯೆತ್ತದೆ. "ನಾನೇ ಅಂತ ಯಾಕೆ ಹೇಳ್ದೆ?"

"ಅಪ್ಪ…"

"ಮಾತಾಡ್ಬೇಡ. ಅಗಿ."

ಬೆಳಗಿನಿಂದ ಹೊತ್ತು ತಿರುಗಿದ ಕೋಪ ಯಾವಾಗ ಇಳಿಯಿತೋ ಗೊತ್ತಾಗಲಿಲ್ಲ. ಅಪ್ಪನನ್ನು ತಬ್ಬಿಕೊಳ್ಳಬೇಕು ಅನ್ನಿಸಿತು. ಅದಕ್ಕೂ ಸಮಯವಿರಲಿಲ್ಲ. ಹತ್ತು ನಲವತ್ತೊಂದಕ್ಕೆ ಮತ್ತೆ ಸೀಟಿನ ಮೇಲಿದ್ದಳು.

ಮೊದಲ ಇಳಿಜಾರಿನಲ್ಲಿ ಅದುಮಿದಳು. ಬ್ರೇಕು ಗುಡ್ಡವೇ ಪ್ರತಿಧ್ವನಿಸುವಂತೆ ಕಿರುಚಿ ಕಚ್ಚಿ ಹಿಡಿಯಿತು. ಅವಳು ಒಬ್ಬಳೇ ನಕ್ಕುಬಿಟ್ಟಳು. ಬೇರಿನ ಇಳಿಜಾರಿನಲ್ಲಿ ಈ ಸಲ ಇಳಿದು ನಡೆಯಲಿಲ್ಲ. ಸೊಂಟವನ್ನು ಸೀಟಿನ ಹಿಂದಕ್ಕೆ ಒಯ್ದು, ಕಣ್ಣನ್ನು ಹತ್ತು ಗಜ ಮುಂದೆ ಇಟ್ಟು, ಒಂದೇ ಬೆರಳಲ್ಲಿ ಇಳಿದಳು. ಬೆಳಿಗ್ಗೆ ಸುಂಯ್ ಎಂದು ಹೋಗಿದ್ದ ಹುಡುಗಿಯರಲ್ಲಿ ಒಬ್ಬಳು ದಾರಿಬದಿಯಲ್ಲಿ ಮಂಕಾಗಿ ಕೂತಿದ್ದಳು. ತನ್ನ ಬಳಿ ಉಳಿದಿದ್ದ ಎರಡು ಆಲೂಗಡ್ಡೆಯಲ್ಲಿ ಒಂದನ್ನು ಅವಳ ಮಡಿಲಿಗೆ ಎಸೆದು, "ತಿಂದು ಬಾರೇ" ಅನ್ನುತ್ತ ಮುಂದೆ ಹೋದಳು. ಹಿಂದೆ ಹಾಕಿದವರನ್ನು ಎಣಿಸಲಿಲ್ಲ. ಗಡಿಯಾರವನ್ನಷ್ಟೇ ನೋಡುತ್ತಿದ್ದಳು.

ಕೊನೆಯ ಗೇಟಿನಲ್ಲಿ ಹಳದಿ ಕೋಟಿನ ಹೆಂಗಸು ದಾರಿಗೆ ಅಡ್ಡ ಕಟ್ಟಲು ಹಗ್ಗ ಬಿಡಿಸಿ ಕೈಯಲ್ಲಿ ಹಿಡಿದಿದ್ದಳು. ಹನ್ನೆರಡು ಐವತ್ತೇಳು. "ಹೋಗಿ ಅಕ್ಕಾ, ಹೋಗಿ, ಹೋಗಿ!" ಎಂದು ಕುಣಿದಳು. ಎರಡನೇ ಸುತ್ತಿನಲ್ಲಿ ಅಲ್ಲಿಂದಾಚೆಗೆ ಅವಳು ಎಂದೂ ಹೋಗಿರಲಿಲ್ಲ. ಅಲ್ಲಿ ಒಂದು ಏರಿತ್ತು. ಅದರ ನಡುವೆ ಬಲತೊಡೆ ಗಂಟು ಕಟ್ಟಿಕೊಂಡಿತು. ಇಳಿದು, ಮುಷ್ಟಿಯಲ್ಲಿ ತೊಡೆ ಗುದ್ದಿಕೊಂಡು, ಸೈಕಲ್ಲು ತಳ್ಳುತ್ತ ಕುಂಟಿದಳು. "ಸೊಂಟ ಮೂವತ್ತೆರಡು! ಉದ್ದ ನಲವತ್ತು!" ಎಂದು ಯಾರನ್ನೋ ಜಗಳಕ್ಕೆ ಕರೆದ ಹಾಗೆ ಕೂಗಿದಳು. ತುದಿ ಮುಟ್ಟಿ ಮತ್ತೆ ಹತ್ತಿದಳು.

ಒಂದು ಐವತ್ತೆರಡಕ್ಕೆ ಗೆರೆ ದಾಟಿದಳು. ಚಪ್ಪಾಳೆ ತಟ್ಟಿದವರು ಹತ್ತು ಜನ ಇದ್ದರೆ ಹೆಚ್ಚು. ಹುಲ್ಲಿನ ಮೇಲೆ ಕುಸಿದು ಕೂತಳು. ಅಳು ಬಂತು, ಬರಲಿ ಎಂದು ಬಿಟ್ಟಳು. ಮುಗಿಸಿದೆ, ಮುಗಿಸಿದೆ ಅಂತ ಒಳಗೇ ಹೇಳಿಕೊಂಡಳು.

ಅಪ್ಪ ಬಂದು ಎದುರು ನಿಂತ. ಅವನ ನೋಟ ಅವಳ ಮುಖದಿಂದ ಚಕ್ರಕ್ಕೆ ಹೋಯಿತು.

"ಹಿಡೀತಾ?"

"ಹಿಡೀತು."

"ಆ ಕಡಿದಾದ ಕಡೆ?"

"ಅಲ್ಲೂ ಹಿಡೀತಪ್ಪ."

ಅವನು ನಂಬಿದಂತೆ ಕಾಣಲಿಲ್ಲ. ಬಿದ್ದಿದ್ದ ಸೈಕಲ್ಲನ್ನು ಎತ್ತಿ ನಿಲ್ಲಿಸಿದ, ಧೂಳು ಕೊಡವಿದ, ಆಮೇಲೆ ಪ್ಯಾಂಟಿನ ಅಂಚು ಕಾಲುಚೀಲದೊಳಗೆ ಸಿಕ್ಕಿಸಿಕೊಂಡು ಒಂದು ಕಾಲು ಆಚೆ ಹಾಕಿದ.

"ಯಜಮಾನ್ರೇ, ಸೀಟು ಎತ್ತರ!" ಡೇರೆಯಿಂದ ಮೇಷ್ಟ್ರು ಕೂಗಿದರು.

ಅಪ್ಪ ಕೇಳಿಸಿಕೊಳ್ಳಲಿಲ್ಲ. ಖಾಲಿಯಾಗುತ್ತಿದ್ದ ಮೈದಾನದಲ್ಲಿ ಓಲಾಡುತ್ತ ನಾಲ್ಕು ತುಳಿತ ತುಳಿದು ಬ್ರೇಕು ಅದುಮಿದ. ಸೈಕಲ್ಲು ನಿಂತಿತು. ಒಂಟಿ ಕಾಲೂರಿ, ಬಗ್ಗಿ ಚಕ್ರ ನೋಡಿದ. ಮತ್ತೆ ನಾಲ್ಕು ತುಳಿತ, ಮತ್ತೆ ಅದುಮಿದ, ಮತ್ತೆ ನಿಂತ. ಮೈದಾನದ ಆ ತುದಿಯವರೆಗೂ ಹಾಗೇ ಹೋದ.